ಪ್ರೌಢಶಾಲಾ ಮಕ್ಕಳ ಸಾಹಸ ಪ್ರವಾಸ: ಊರು ಆರಿಸುವ ಮೊದಲು

ದಸರಾ ರಜೆ ಮುಗಿದು ಶಾಲೆ ಮತ್ತೆ ತೆರೆಯುವ ಹೊತ್ತಿಗೆ ಪ್ರೌಢಶಾಲೆಗಳ ಶಿಕ್ಷಕರ ಕೊಠಡಿಯಲ್ಲಿ ಪ್ರವಾಸದ ಮಾತು ಏಳುತ್ತದೆ. ಒಬ್ಬರು ದಾಂಡೇಲಿ ಎನ್ನುತ್ತಾರೆ, ಇನ್ನೊಬ್ಬರು ಕುದುರೆಮುಖ ಎನ್ನುತ್ತಾರೆ, ಪಕ್ಕದ ಶಾಲೆಯವರು ಹೋದ ವರ್ಷ ಹೋಗಿಬಂದ ಜಾಗದ ಹೆಸರು ಮೂರನೆಯವರ ಬಾಯಲ್ಲಿ ಬರುತ್ತದೆ. ಅರ್ಧ ಗಂಟೆಯೊಳಗೆ ಊರು ತೀರ್ಮಾನವಾಗಿ, ಉಳಿದ ವ್ಯವಸ್ಥೆಯೆಲ್ಲ ಆ ತೀರ್ಮಾನದ ಬೆನ್ನು ಹತ್ತಿ ಓಡತೊಡಗುತ್ತದೆ. ತುಮಕೂರು ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕನಾಗಿ ಹಲವು ವರ್ಷ ಇಂತಹ ಪ್ರವಾಸಗಳ ಹೊಣೆ ಹೊತ್ತ ಮೇಲೆ ನನಗೆ ಮನದಟ್ಟಾಗಿರುವುದೇನೆಂದರೆ, ಊರಿನ ಆಯ್ಕೆ ಕೊನೆಯಲ್ಲಿ ಮಾಡಬೇಕಾದ ಕೆಲಸ. ಹೋಗುವ ಮಕ್ಕಳು ಯಾರು, ಅಲ್ಲಿ ಅವರು ತಮ್ಮ ಕೈಯಾರೆ ಏನು ಮಾಡಬೇಕು, ನಡುವೆ ಏನಾದರೂ ಎಡವಟ್ಟಾದರೆ ಯಾವ ದಾರಿಯಲ್ಲಿ ಎಷ್ಟು ಹೊತ್ತಿನೊಳಗೆ ಹಿಂತಿರುಗಬಹುದು ಎಂಬ ಮೂರು ಸಂಗತಿಗಳು ಅದಕ್ಕೂ ಮೊದಲು ಇತ್ಯರ್ಥವಾಗಬೇಕು. ಮೂರರಲ್ಲಿ ಕೊನೆಯದನ್ನು ನಾನು ಎಲ್ಲಕ್ಕಿಂತ ದೊಡ್ಡದೆಂದು ತಿಳಿದಿದ್ದೇನೆ. ಸುಲಭವಾಗಿ ಹಿಂತಿರುಗಲಾಗದ ಜಾಗಕ್ಕೆ ಶಾಲೆಯ ಮಕ್ಕಳನ್ನು ಕರೆದೊಯ್ಯಬಾರದು.

ಹಾಜರಿ ಪುಸ್ತಕದಿಂದ ಆರಂಭಿಸಿ

ಎಂಟರಿಂದ ಹತ್ತನೆಯ ತರಗತಿಯ ಮಕ್ಕಳೆಂದರೆ ಸುಮಾರು 13ರಿಂದ 16 ವರ್ಷದವರು. ಒಂದೇ ತರಗತಿಯಲ್ಲಿ ಮೀಸೆ ಚಿಗುರಿದ ಎತ್ತರದ ಹುಡುಗನೂ ಅವನ ಭುಜಕ್ಕೂ ಬಾರದ ಹುಡುಗನೂ ಅಕ್ಕಪಕ್ಕ ಕುಳಿತಿರುವ ವಯಸ್ಸು ಅದು. ದಿನವೂ ಮೂರು ಕಿಲೋಮೀಟರ್ ನಡೆದು ಶಾಲೆಗೆ ಬರುವ ಹುಡುಗಿಗೆ ಬೆಟ್ಟ ಹತ್ತುವುದು ಲೆಕ್ಕಕ್ಕಿಲ್ಲ, ಬಾಗಿಲಲ್ಲಿ ವ್ಯಾನ್ ಹತ್ತಿ ಶಾಲೆಯ ಅಂಗಳದಲ್ಲಿ ಇಳಿಯುವ ಹುಡುಗನಿಗೆ ಅದೇ ಬೆಟ್ಟ ಅರ್ಧ ದಾರಿಯಲ್ಲಿ ಉಸಿರುಗಟ್ಟಿಸುತ್ತದೆ. ಆದ್ದರಿಂದ ಪ್ರವಾಸವನ್ನು ತರಗತಿಯ ಗಟ್ಟಿಗರ ಅಳತೆಗೆ ಹೊಲಿಸದೆ, ಕೊನೆಯಲ್ಲಿ ನಡೆಯುವ ಮಗುವಿನ ಅಳತೆಗೆ ಹೊಲಿಸಬೇಕು. ಗಟ್ಟಿಗರಿಗೆ ಸಾಲದೆನಿಸಿದರೆ ಅವರ ಬೆನ್ನಿಗೆ ಗುಂಪಿನ ನೀರಿನ ಕ್ಯಾನು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಹೊರಿಸಬಹುದು, ಹಿಂದೆ ಉಳಿದವರ ಜೊತೆ ನಡೆಯುವ ಹೊಣೆ ಕೊಡಬಹುದು.

ಪೋಷಕರ ಒಪ್ಪಿಗೆ ಪತ್ರಕ್ಕೆ ಬರಿಯ ಸಹಿ ಪಡೆದರೆ ಸಾಲದು. ಉಬ್ಬಸ, ಮೂರ್ಛೆರೋಗ, ಹೃದಯದ ತೊಂದರೆ, ಯಾವುದಾದರೂ ಮಾತ್ರೆ ಅಥವಾ ಆಹಾರ ಒಗ್ಗದಿರುವುದು, ಜೇನುಹುಳ ಕಚ್ಚಿದರೆ ಮೈಯೆಲ್ಲ ಊದಿಕೊಳ್ಳುವುದು, ಈಚೆಗೆ ಆದ ಶಸ್ತ್ರಚಿಕಿತ್ಸೆ, ಘಟ್ಟದ ದಾರಿಯಲ್ಲಿ ವಾಂತಿಯಾಗುವುದು, ನಿದ್ದೆಯಲ್ಲಿ ಎದ್ದು ನಡೆಯುವುದು, ಈಜು ಬರುತ್ತದೆಯೇ ಇಲ್ಲವೇ ಎಂಬುದು ಎಲ್ಲವೂ ಅದರಲ್ಲಿ ಬೇರೆ ಬೇರೆ ಪ್ರಶ್ನೆಗಳಾಗಿ ಇರಬೇಕು. ಕೆಲವು ವಿಷಯಗಳನ್ನು ಮಕ್ಕಳು ನಾಚಿಕೆಯಿಂದ ಮನೆಯಲ್ಲೂ ಹೇಳಿರುವುದಿಲ್ಲವಾದ್ದರಿಂದ, ಹೆಣ್ಣುಮಕ್ಕಳೊಡನೆ ಶಿಕ್ಷಕಿಯೊಬ್ಬರು ಪ್ರತ್ಯೇಕವಾಗಿ ಕುಳಿತು ಮಾತನಾಡುವುದು ಅಗತ್ಯ. ಮುಟ್ಟಿನ ದಿನಗಳ ಕಾರಣಕ್ಕೆ ಪ್ರವಾಸವನ್ನೇ ಬಿಡುವ ಹುಡುಗಿಯರು ಪ್ರತಿ ಶಾಲೆಯಲ್ಲೂ ಇದ್ದಾರೆ. ಪ್ಯಾಡುಗಳು, ನೀರಿರುವ ಶೌಚಾಲಯ, ಬೇಡವೆನಿಸಿದ ಹೊತ್ತಿನಲ್ಲಿ ಕಾರಣ ಹೇಳದೆ ಕುಳಿತುಕೊಳ್ಳುವ ಅವಕಾಶ, ಈ ಮೂರನ್ನು ಮೊದಲೇ ಖಚಿತಪಡಿಸಿದರೆ ಅವರಲ್ಲಿ ಬಹುಮಂದಿ ಹೊರಡುತ್ತಾರೆ.

ತಿಳಿದುಕೊಂಡಿರುವುದು ಬೇರೆ, ತಿಳಿದದ್ದು ಸಮಯಕ್ಕೆ ಕೈಗೆ ಒದಗುವುದು ಬೇರೆ ಎಂಬುದನ್ನು ನಾನು ದೇವರಾಯನದುರ್ಗದಲ್ಲಿ ಕಲಿತೆ. ಒಂಬತ್ತನೆಯ ತರಗತಿಯ ಒಬ್ಬ ಹುಡುಗನಿಗೆ ಮುಕ್ಕಾಲು ದಾರಿಯಲ್ಲಿ ಉಬ್ಬಸ ಬಂತು. ಅವನಿಗೆ ಉಬ್ಬಸವಿರುವ ಸಂಗತಿ ತಾಯಿ ಬರೆದುಕೊಟ್ಟ ಪತ್ರದಲ್ಲಿತ್ತು, ಪತ್ರ ನನ್ನ ಕಡತದಲ್ಲಿತ್ತು. ಇನ್‌ಹೇಲರ್ ಅವನ ಚೀಲದಲ್ಲಿತ್ತು, ಚೀಲ ಬೆಟ್ಟದ ಬುಡದಲ್ಲಿ ನಿಂತ ಬಸ್ಸಿನಲ್ಲಿತ್ತು. ಸಹೋದ್ಯೋಗಿಯೊಬ್ಬರು ಕೆಳಗೆ ಓಡಿ ಅದನ್ನು ತರುವವರೆಗೆ ಅವನು ಬಂಡೆಗೆ ಒರಗಿ ಕುಳಿತು, ಎರಡೂ ಕೈ ಮೊಣಕಾಲಿಗೆ ಊರಿ, ಪ್ರತಿ ಉಸಿರಿಗೂ ಭುಜ ಎತ್ತುತ್ತ ನನ್ನ ಮುಖವನ್ನೇ ನೋಡುತ್ತಿದ್ದ. ಅವನು ಚೇತರಿಸಿಕೊಂಡ. ಅಂದಿನಿಂದ ನಮ್ಮ ಶಾಲೆಯಲ್ಲಿ ಔಷಧಿ ಮಗುವಿನ ಜೇಬಿನಲ್ಲಿರಬೇಕು, ಅದರದೇ ಇನ್ನೊಂದು ಪ್ರತಿ ಗುಂಪಿನ ಶಿಕ್ಷಕರ ಬೆನ್ನುಚೀಲದಲ್ಲಿರಬೇಕು, ಆ ಗುಂಪಿನ ಮಕ್ಕಳ ಆರೋಗ್ಯದ ವಿವರ ಒಂದೇ ಹಾಳೆಯಲ್ಲಿ ಬರೆದು ಅದೇ ಶಿಕ್ಷಕರ ಬಳಿ ಇರಬೇಕು ಎಂಬ ನಿಯಮವಿದೆ.

ಹಣದ ಮಾತನ್ನೂ ಇಲ್ಲಿಯೇ ಆಡಿಬಿಡಬೇಕು. ಒಂದು ತರಗತಿಯ ನಲವತ್ತು ಮಕ್ಕಳಲ್ಲಿ ಇಪ್ಪತ್ತೈದು ಮಂದಿಗೆ ಮಾತ್ರ ಕೈಗೆಟುಕುವ ದೂರದ ಪ್ರವಾಸಕ್ಕಿಂತ, ನಲವತ್ತೂ ಮಂದಿ ಹೋಗಬಹುದಾದ ಹತ್ತಿರದ ಬೆಟ್ಟ ಮೇಲೆಂಬುದು ನನ್ನ ಖಚಿತ ಅಭಿಪ್ರಾಯ. ಉಳಿದ ಹದಿನೈದು ಮಂದಿ ಆ ಮೂರು ದಿನ ಶಾಲೆಯಲ್ಲಿ ಕುಳಿತು, ಬಂದವರ ಕಥೆಯನ್ನು ಮುಂದಿನ ಮೂರು ತಿಂಗಳು ಕೇಳಬೇಕಾಗುತ್ತದೆ.

ಮಕ್ಕಳು ಅಲ್ಲಿ ಮಾಡುವುದೇನು?

ಸಾಹಸ ಶಿಬಿರಗಳ ಕರಪತ್ರಗಳಲ್ಲಿ ಚಟುವಟಿಕೆಗಳ ಪಟ್ಟಿ ಉದ್ದವಾಗಿರುತ್ತದೆ. ಅವುಗಳಲ್ಲಿ ಮಗು ಮಾಡುವ ಕೆಲಸ ಯಾವುದು, ಮಗುವಿಗೆ ಮಾಡಿಸುವ ಕೆಲಸ ಯಾವುದು ಎಂದು ಬೇರ್ಪಡಿಸಿ ನೋಡಬೇಕು. ಜಿಪ್‌ಲೈನ್‌ನಲ್ಲಿ ಮಗುವನ್ನು ಪಟ್ಟಿಯಿಂದ ಬಿಗಿದು ತಳ್ಳುತ್ತಾರೆ, ಅರ್ಧ ನಿಮಿಷದಲ್ಲಿ ಆಚೆ ತುದಿ ಬರುತ್ತದೆ. ಅದು ಸಂತೋಷವೇ ಹೌದು, ಆದರೆ ಅದಕ್ಕಾಗಿ ಮುನ್ನೂರು ಕಿಲೋಮೀಟರ್ ಪ್ರಯಾಣ ಬೇಕಿಲ್ಲ. ಬಂಡೆಯ ಮೇಲೆ ಕೈಹಿಡಿತ ಹುಡುಕುವುದು, ನಕ್ಷೆ ಮತ್ತು ದಿಕ್ಸೂಚಿ ಹಿಡಿದು ಮುಂದಿನ ತಿರುವನ್ನು ನಿರ್ಧರಿಸುವುದು, ಡೇರೆ ಹಾಕುವುದು, ಆರು ಮಂದಿಗೆ ಸಾಕಾಗುವಷ್ಟು ಅನ್ನ ಸಾರು ತಾವೇ ಬೇಯಿಸಿಕೊಳ್ಳುವುದು, ಇವುಗಳಲ್ಲಿ ತಪ್ಪು ಮಾಡಿ ತಿದ್ದಿಕೊಳ್ಳುವ ಅವಕಾಶವಿದೆ. ಈ ವಯಸ್ಸಿನವರಿಗೆ ಬೇಕಾದ ಸಾಹಸ ಅಂಥದು.

ನಮ್ಮ ರಾಜ್ಯದಲ್ಲಿ ಇದಕ್ಕೆ ಜಾಗದ ಕೊರತೆಯಿಲ್ಲ. ರಾಮನಗರದ ಗ್ರಾನೈಟ್ ಗುಡ್ಡಗಳು, ಬಾದಾಮಿಯ ಕೆಂಪು ಮರಳುಗಲ್ಲಿನ ಗೋಡೆಗಳು ಶಿಲಾರೋಹಿಗಳಿಗೆ ಬಹುಕಾಲದಿಂದ ಪರಿಚಿತ. ಬಾದಾಮಿಯನ್ನು ನಾನು ವಿಶೇಷವಾಗಿ ಸೂಚಿಸಲು ಇನ್ನೊಂದು ಕಾರಣವಿದೆ. ಬೆಳಗಿನ ತಂಪಿನಲ್ಲಿ ಬಂಡೆ ಹತ್ತಿದ ಮಕ್ಕಳನ್ನು ಬಿಸಿಲೇರಿದ ಮೇಲೆ ಮೂರನೆಯ ಗುಹೆಗೆ ಕರೆದೊಯ್ದು, ಕ್ರಿ.ಶ. 578ರ ಮಂಗಲೇಶನ ಶಾಸನದ ಮುಂದೆ ನಿಲ್ಲಿಸಿದರೆ, ತಾವು ಬೆಳಗ್ಗೆ ಬೆರಳು ಊರಿದ ಅದೇ ಬಗೆಯ ಕಲ್ಲನ್ನು ಕಡೆದು ಗುಹೆ ಮಾಡಿದವರ ಶ್ರಮ ಅವರಿಗೆ ಪುಸ್ತಕದ ಸಹಾಯವಿಲ್ಲದೆ ತಿಳಿಯುತ್ತದೆ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಅಡಿಯಲ್ಲಿರುವ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಇಂತಹ ತರಬೇತಿಗಾಗಿಯೇ ಇರುವ ಸರ್ಕಾರಿ ಸಂಸ್ಥೆ, ಖಾಸಗಿ ಶಿಬಿರಗಳಿಗೆ ಫೋನ್ ಮಾಡುವ ಮೊದಲು ಅಲ್ಲಿ ವಿಚಾರಿಸುವುದು ಒಳ್ಳೆಯದು. ಶಾಲೆಯಲ್ಲಿ ಸ್ಕೌಟ್ಸ್ ಮತ್ತು ಗೈಡ್ಸ್ ದಳವಿದ್ದರೆ ದೊಡ್ಡಬಳ್ಳಾಪುರದಂತಹ ಅವರ ಶಿಬಿರ ಕೇಂದ್ರಗಳಲ್ಲಿ ಕಡಿಮೆ ಖರ್ಚಿನಲ್ಲಿ ಮೊದಲ ಅನುಭವ ಕೊಡಬಹುದು. ಗ್ರಾಮೀಣ ಸರ್ಕಾರಿ ಶಾಲೆಯವರು ಅರಣ್ಯ ಇಲಾಖೆಯ ಚಿಣ್ಣರ ವನದರ್ಶನ ಕಾರ್ಯಕ್ರಮದ ಬಗ್ಗೆ ತಮ್ಮ ವಲಯ ಅರಣ್ಯ ಕಚೇರಿಯಲ್ಲಿ ಕೇಳಬೇಕು.

ಮಕ್ಕಳ ಸಂಖ್ಯೆಯನ್ನು ಚಟುವಟಿಕೆಯ ಜೊತೆ ಇಟ್ಟು ಲೆಕ್ಕ ಹಾಕಿರಿ. ಅರವತ್ತು ಮಕ್ಕಳು, ಬಂಡೆಗೆ ಎರಡು ಹಗ್ಗ, ಒಬ್ಬರಿಗೆ ಹತ್ತು ನಿಮಿಷ ಎಂದರೆ ಎಲ್ಲರ ಸರದಿ ಮುಗಿಯಲು ಐದು ಗಂಟೆ ಬೇಕು. ಪ್ರತಿ ಮಗುವೂ ಹತ್ತು ನಿಮಿಷ ಹತ್ತಿ ನಾಲ್ಕು ಗಂಟೆ ಐವತ್ತು ನಿಮಿಷ ಬಿಸಿಲಿನಲ್ಲಿ ಕಾಯುತ್ತದೆ. ಬೇಸರಗೊಂಡ ಮಕ್ಕಳು ಬಂಡೆಯ ಅಂಚಿಗೆ ಹೋಗುವುದು, ಕಲ್ಲು ಉರುಳಿಸುವುದು, ಕಣ್ಣು ತಪ್ಪಿಸಿ ಕೆರೆಗೆ ಇಳಿಯುವುದು ಇಂತಹ ಕಾಯುವ ಹೊತ್ತಿನಲ್ಲೇ. ಇಪ್ಪತ್ತರ ಮೂರು ತಂಡ ಮಾಡಿ, ಒಂದು ತಂಡ ಹತ್ತುವಾಗ ಇನ್ನೊಂದು ಗಂಟು ಕಟ್ಟಲು ಕಲಿಯುವಂತೆ, ಮತ್ತೊಂದು ಅಡುಗೆಯಲ್ಲಿ ತೊಡಗುವಂತೆ ನಡೆಸಬಲ್ಲ ಶಿಬಿರವನ್ನು ಆರಿಸಬೇಕು.

ದೈಹಿಕ ಅಂಗವಿಕಲತೆಯುಳ್ಳ ಮಕ್ಕಳನ್ನು ಫೋಟೊ ತೆಗೆಯುವ ಕೆಲಸಕ್ಕೆ ಕೂರಿಸುವ ಪದ್ಧತಿ ನಿಲ್ಲಬೇಕು. ಒಂದು ಕಾಲಿನಲ್ಲಿ ಶಕ್ತಿಯಿಲ್ಲದ ಹುಡುಗಿಯೊಬ್ಬಳು ನಮ್ಮ ಶಿಬಿರವೊಂದರಲ್ಲಿ, ಸೊಂಟಕ್ಕೆ ಹಾರ್ನೆಸ್ (ಹಗ್ಗ ಸಿಕ್ಕಿಸುವ ಪಟ್ಟಿ) ಕಟ್ಟಿ ಬಂಡೆಯ ಬುಡದಲ್ಲಿ ಭದ್ರವಾಗಿ ಕುಳಿತು, ಬಿಲೇ ಮಾಡುವ, ಅಂದರೆ ಹತ್ತುವವರು ಜಾರಿದರೆ ಬೀಳದಂತೆ ಅವರ ಹಗ್ಗ ಹಿಡಿದು ನಿಲ್ಲುವ ತರಬೇತುದಾರರ ಹಿಂದೆ ಆಸರೆಯ ಹಗ್ಗ ಹಿಡಿದಿದ್ದಳು. ಮೇಲಿನಿಂದ ಗೆಳತಿ "ಹಗ್ಗ ಬಿಗಿ" ಎಂದು ಕೂಗಿದಾಗಲೆಲ್ಲ ಅವಳ ಕೈ ತರಬೇತುದಾರರಿಗಿಂತ ಒಂದು ಕ್ಷಣ ಮೊದಲೇ ಸರಿಯುತ್ತಿತ್ತು. ಇಂತಹ ಜಾಗವನ್ನು ಮಾಡಿಕೊಡುವಿರಾ ಎಂದು ಶಿಬಿರದವರನ್ನು ಮೊದಲ ಮಾತುಕತೆಯಲ್ಲೇ ಕೇಳಿರಿ. ಅವರು ಕೊಡುವ ಉತ್ತರದಿಂದ ಅವರ ಬಗ್ಗೆ ಬಹಳಷ್ಟು ತಿಳಿಯುತ್ತದೆ.

ಚಾರಣದ ದಾರಿಯ ಲೆಕ್ಕ

ಬೆಟ್ಟದ ಎತ್ತರ ಕೇಳಿ ಚಾರಣವನ್ನು ಆರಿಸುವುದು ತಪ್ಪು. ಮುಳ್ಳಯ್ಯನಗಿರಿ ಕರ್ನಾಟಕದಲ್ಲೇ ಎತ್ತರದ ಶಿಖರವಾದರೂ ಅದರ ತುದಿಯ ಸಮೀಪದವರೆಗೆ ವಾಹನ ಹೋಗುತ್ತದೆ. ಅದಕ್ಕಿಂತ ಕಡಿಮೆ ಎತ್ತರದ, 1,712 ಮೀಟರಿನ ಕುಮಾರಪರ್ವತಕ್ಕೆ ಸುಬ್ರಹ್ಮಣ್ಯದಿಂದ ಹೊರಟರೆ ಸುಮಾರು 13 ಕಿಲೋಮೀಟರ್ ನಡೆಯಬೇಕು, ಸುಮಾರು 1,600 ಮೀಟರ್ ಏರಬೇಕು. ನೋಡಬೇಕಾದದ್ದು ನಡೆಯುವ ದೂರ ಮತ್ತು ಏರಬೇಕಾದ ಎತ್ತರ, ಎರಡನ್ನೂ ಒಟ್ಟಿಗೆ.

ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಸ್ಮಿತ್ 1892ರಲ್ಲಿ ಹೇಳಿದ ಸರಳ ಲೆಕ್ಕವೊಂದು ಇಂದಿಗೂ ಉಪಯೋಗದಲ್ಲಿದೆ. ಪ್ರತಿ 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಕೆಗೆ ಇನ್ನೊಂದು ಗಂಟೆ. ಇದು ಗಟ್ಟಿಮುಟ್ಟಾದ ವಯಸ್ಕರು ವಿಶ್ರಾಂತಿಯಿಲ್ಲದೆ ನಡೆದಾಗಿನ ಲೆಕ್ಕವಾದ್ದರಿಂದ ಶಾಲೆಯ ಗುಂಪಿಗೆ ನಾನು ಒಂದೂವರೆ ಪಟ್ಟು ಮಾಡುತ್ತೇನೆ. ಈ ಪ್ರಕಾರ ಕುಮಾರಪರ್ವತಕ್ಕೆ ವಯಸ್ಕರಿಗೆ ಐದು ಗಂಟೆಗಿಂತ ಹೆಚ್ಚು, ನಮ್ಮ ಮಕ್ಕಳಿಗೆ ಎಂಟು ಗಂಟೆ, ಅದೂ ಏರುವುದಕ್ಕೆ ಮಾತ್ರ. ಡಿಸೆಂಬರಿನಲ್ಲಿ ಸಂಜೆ ಆರರ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ಎಷ್ಟು ಬೇಗ ಹೊರಟರೂ ಮಕ್ಕಳು ಕತ್ತಲೆಯಲ್ಲಿ ಇಳಿಯಬೇಕಾಗುತ್ತದೆ, ಆದ್ದರಿಂದ ಅದು ಶಾಲೆಯ ಪ್ರವಾಸಕ್ಕೆ ತಕ್ಕುದಲ್ಲ. ಅದೇ ಲೆಕ್ಕವನ್ನು ಚಿಕ್ಕಬಳ್ಳಾಪುರದ ಸ್ಕಂದಗಿರಿಗೆ ಅನ್ವಯಿಸಿದರೆ, ಸುಮಾರು 4 ಕಿಲೋಮೀಟರ್ ದೂರ, 500 ಮೀಟರಿನಷ್ಟು ಏರಿಕೆ, ಮಕ್ಕಳಿಗೆ ಎರಡೂವರೆ ಗಂಟೆ ಸಾಕು. ಬೆಳಗ್ಗೆ ಏಳಕ್ಕೆ ಹೊರಟವರು ಮಧ್ಯಾಹ್ನದ ಊಟಕ್ಕೆ ಕೆಳಗಿರುತ್ತಾರೆ.

ಇಳಿಯುವ ದಾರಿಯನ್ನು ಹಗುರವಾಗಿ ಎಣಿಸಬಾರದು. ಮಧುಗಿರಿಯ ಏಕಶಿಲಾ ಬೆಟ್ಟದಂತಹ ಕಡೆ, ಬಂಡೆಯಲ್ಲಿ ಕೊರೆದ ಹೆಜ್ಜೆಗುಳಿಗಳನ್ನು ಹಿಡಿದು ಹತ್ತುವಾಗ ಬಾರದ ಭಯ ಇಳಿಯುವಾಗ ಬರುತ್ತದೆ, ಏಕೆಂದರೆ ಆಗ ಕಣ್ಣಿಗೆ ಕಾಣುವುದು ಕೆಳಗಿನ ಆಳ. ಬಂಡೆಯ ಮೇಲೆ ಇಬ್ಬನಿಯೋ ಸಣ್ಣ ಮಳೆಯೋ ಬಿದ್ದಿದ್ದರೆ, ಸವೆದ ಕ್ಯಾನ್ವಾಸ್ ಶೂ ಜಾರುತ್ತದೆ. ಹೊಸ ಶೂ ಕೊಳ್ಳಿರೆಂದು ಪೋಷಕರನ್ನು ಒತ್ತಾಯಿಸಬೇಕಾಗಿಲ್ಲ, ಆದರೆ ಹೊರಡುವ ವಾರದ ಮೊದಲು ಪ್ರತಿ ಮಗುವಿನ ಶೂ ತಲೆಕೆಳಗು ಮಾಡಿ ಅಟ್ಟೆಯನ್ನು ನೋಡಬೇಕು.

ನಾನು ಪ್ರತಿ ಚಾರಣಕ್ಕೂ ಹಿಂತಿರುಗುವ ಗಡಿಯಾರವೊಂದನ್ನು ಇಡುತ್ತೇನೆ. ಹನ್ನೊಂದು ಗಂಟೆಗೆ ಎಲ್ಲಿರುತ್ತೇವೆಯೋ ಅಲ್ಲಿಂದ ಹಿಂದಕ್ಕೆ ತಿರುಗುತ್ತೇವೆ ಎಂದು ಮಕ್ಕಳಿಗೆ ಹಿಂದಿನ ರಾತ್ರಿಯೇ ಹೇಳಿರುತ್ತೇನೆ. ತುದಿ ಇನ್ನು ಹತ್ತೇ ನಿಮಿಷವೆಂದು ಕಂಡರೂ ಆ ಮಾತು ಬದಲಾಗುವುದಿಲ್ಲ.

ನೀರು ಎಂದಾಗ

ಶಾಲಾ ಪ್ರವಾಸಗಳಲ್ಲಿ ನಾವು ಮಕ್ಕಳನ್ನು ಕಳೆದುಕೊಂಡಿರುವುದು ಬೆಟ್ಟದ ತುದಿಗಿಂತ ಹೆಚ್ಚಾಗಿ ರಸ್ತೆಯಲ್ಲಿ, ನೀರಿನಲ್ಲಿ. 2024ರ ಜನವರಿಯಲ್ಲಿ ವಡೋದರದ ಹರಣಿ ಕೆರೆಯಲ್ಲಿ ದೋಣಿ ಮಗುಚಿ 12 ಮಕ್ಕಳು, 2 ಶಿಕ್ಷಕಿಯರು ತೀರಿಕೊಂಡರು, ಹತ್ತಿದವರಲ್ಲಿ ಬಹುಮಂದಿಗೆ ಲೈಫ್ ಜಾಕೆಟ್ ಇರಲಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ನಮ್ಮ ಮುರ್ಡೇಶ್ವರದ ಕಡಲಿನಲ್ಲಿ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುಳುಗಿದರು. 2014ರ ಜೂನಿನಲ್ಲಿ ಹಿಮಾಚಲದ ಬಿಯಾಸ್ ನದಿಯ ಬಂಡೆಗಳ ಮೇಲೆ ನಿಂತಿದ್ದ ಹೈದರಾಬಾದಿನ 24 ಎಂಜಿನಿಯರಿಂಗ್ ವಿದ್ಯಾರ್ಥಿಗಳನ್ನು ಅಣೆಕಟ್ಟೆಯಿಂದ ಬಿಟ್ಟ ನೀರು ಕೊಚ್ಚಿಕೊಂಡು ಹೋಯಿತು. ಈ ಮೂರರಲ್ಲಿ ಒಂದೂ ಸಾಹಸ ಕ್ರೀಡೆಯಾಗಿರಲಿಲ್ಲ ಎಂಬುದನ್ನು ಗಮನಿಸಬೇಕು. ಕೆರೆಯಲ್ಲಿ ಒಂದು ಸುತ್ತು, ಕಡಲಿನಲ್ಲಿ ಸ್ವಲ್ಪ ಆಟ, ನದಿಯ ನಡುವೆ ಒಂದು ಫೋಟೊ. ಕಾರ್ಯಕ್ರಮದ ಪಟ್ಟಿಯಲ್ಲಿಲ್ಲದ ಬಿಡುವಿನ ವೇಳೆಯ ನೀರೇ ಎಲ್ಲಕ್ಕಿಂತ ಅಪಾಯದ್ದು.

ಹಾಗಾಗಿ ನನ್ನ ಸಲಹೆ ಕಟ್ಟುನಿಟ್ಟಾದದ್ದು. ನೀರು ನಿಮ್ಮ ಪ್ರವಾಸದ ವಿಷಯವಾಗಿದ್ದರೆ ಅದನ್ನು ತರಬೇತುದಾರರು, ಜಾಕೆಟ್, ರಕ್ಷಣಾ ದೋಣಿಗಳೊಡನೆ ಪೂರ್ಣವಾಗಿ ಮಾಡಿ. ವಿಷಯವಾಗಿಲ್ಲದಿದ್ದರೆ ಮೊಣಕಾಲಿನಷ್ಟಕ್ಕೂ ಇಳಿಯುವಂತಿಲ್ಲ. ಜಲಾಶಯದ ಅಂಚಿನ ಕೆಸರು, ಜಲಪಾತದ ಕೆಳಗಿನ ಮಡು, ಕಡಲಿನ ಸೆಳೆತ ಇವು ಈಜು ಬಲ್ಲವರನ್ನೂ ಬಿಡುವುದಿಲ್ಲ, ನಮ್ಮ ಬಯಲುಸೀಮೆಯ ಮಕ್ಕಳಲ್ಲಂತೂ ಈಜು ಬಲ್ಲವರೇ ಕಡಿಮೆ.

ರಾಫ್ಟಿಂಗಿಗೆ, ಅಂದರೆ ಗಾಳಿ ತುಂಬಿದ ದೋಣಿಯಲ್ಲಿ ನದಿಯ ರಭಸದೊಡನೆ ಸಾಗುವುದಕ್ಕೆ, ಹೆಚ್ಚಿನ ಶಾಲೆಗಳು ಆರಿಸುವುದು ಕಾಳಿ ನದಿಯನ್ನು. ದಾಂಡೇಲಿಯ ಬಳಿಯ ಗಣೇಶಗುಡಿಯಲ್ಲಿ ನೀರಿನ ಮಟ್ಟ ಮೇಲ್ಭಾಗದ ಸೂಪಾ ಅಣೆಕಟ್ಟೆಯಿಂದ ಬಿಡುವ ನೀರನ್ನು ಅವಲಂಬಿಸಿರುತ್ತದೆ. ಆದ್ದರಿಂದ "ಅಂದು ನೀರು ಎಷ್ಟು ಹೊತ್ತಿಗೆ ಬಿಡುತ್ತಾರೆ, ನಿಮಗೆ ಯಾರು ತಿಳಿಸುತ್ತಾರೆ, ಬಿಡದಿದ್ದರೆ ಅಥವಾ ಹೆಚ್ಚು ಬಿಟ್ಟರೆ ಏನು ಮಾಡುತ್ತೀರಿ" ಎಂದು ಕೇಳಲೇಬೇಕು. ರಾಫ್ಟಿಂಗ್ ನೀರನ್ನು ತೀರ ಸುಲಭದ ಒಂದರಿಂದ ತೀರ ಅಪಾಯದ ಆರರವರೆಗೆ ದರ್ಜೆ ಮಾಡುತ್ತಾರೆ. ಮೊದಲ ಸಲ ಇಳಿಯುವ ಶಾಲಾ ಮಕ್ಕಳಿಗೆ ಎರಡನೆಯ ದರ್ಜೆ ಸಾಕು. ಪ್ರತಿ ರಾಫ್ಟಿಗೆ ಒಬ್ಬ ಮಾರ್ಗದರ್ಶಕ, ಎಲ್ಲರಿಗೂ ಹೆಲ್ಮೆಟ್, ಎಸೆಯುವ ಹಗ್ಗದ ಚೀಲ, ಜೊತೆಗೆ ಸಾಗುವ ರಕ್ಷಣಾ ಕಯಾಕ್ (ಕಿರಿದಾದ ಚಿಕ್ಕ ದೋಣಿ) ಇಲ್ಲದ ಕಡೆ ಮಕ್ಕಳನ್ನು ಇಳಿಸಬಾರದು.

ಲೈಫ್ ಜಾಕೆಟ್ಟನ್ನು ನೀವೇ ಕೈಯಾರೆ ಪರೀಕ್ಷಿಸಬೇಕು. ಮಗುವಿಗೆ ತೊಡಿಸಿ, ಬಕಲ್‌ಗಳನ್ನೆಲ್ಲ ಹಾಕಿ, ಪಟ್ಟಿ ಬಿಗಿದು, ಎರಡೂ ಕೈ ಮೇಲೆತ್ತಿ ನಿಲ್ಲಲು ಹೇಳಿ. ಹಿಂದೆ ನಿಂತು ಎರಡೂ ಭುಜದ ಪಟ್ಟಿಗಳನ್ನು ಹಿಡಿದು ಮೇಲಕ್ಕೆ ಎಳೆಯಿರಿ. ಜಾಕೆಟ್ ಸರಿದು ಗಲ್ಲ ದಾಟಿ ಕಿವಿಯವರೆಗೆ ಬಂದರೆ ನೀರಿನಲ್ಲಿ ಅದು ತಲೆಯ ಮೇಲೆ ಹಾದು ಹೋಗುತ್ತದೆಂದು ಅರ್ಥ, ಅದಕ್ಕಿಂತ ಚಿಕ್ಕದು ಬೇಕು. ಒಂದು ಜಲಾಶಯದ ದಡದಲ್ಲಿ ನಮಗೆ ಕೊಟ್ಟ ಜಾಕೆಟ್‌ಗಳಲ್ಲಿ ಎರಡಕ್ಕೆ ಬಕಲ್ ಮುರಿದಿತ್ತು, ಅದರ ಬದಲು ಸುತಲಿ ದಾರ ಕಟ್ಟಿದ್ದರು. ಇನ್ನೊಂದನ್ನು ಹಿಸುಕಿದಾಗ ಒಳಗಿನ ಫೋಮ್ ಪುಡಿಯಾಗಿ ಬೆರಳ ನಡುವೆ ಜಾರಿತು. ಹಣ ಕೊಟ್ಟಾಗಿತ್ತು, ನಲವತ್ತೆರಡು ಮಕ್ಕಳು ಸಾಲಾಗಿ ನಿಂತಾಗಿತ್ತು. ನಾವು ಅವರನ್ನು ಬಸ್ಸಿಗೆ ಹಿಂತಿರುಗಿಸಿದೆವು. ಆ ದಿನ ಮಕ್ಕಳು ನನ್ನೊಡನೆ ಮಾತನಾಡಲಿಲ್ಲ, ಕೆಲವರು ಅತ್ತರು, ನನಗೂ ಬಹಳ ನೋವಾಯಿತು. ಆದರೂ ಆ ಸಾಲನ್ನು ನೆನೆದಾಗಲೆಲ್ಲ ಬೇರೆ ತೀರ್ಮಾನ ಸಾಧ್ಯವಿತ್ತೆಂದು ನನಗೆ ಅನ್ನಿಸಿಲ್ಲ.

ಯಾವ ತಿಂಗಳು, ಯಾರ ಅನುಮತಿ

ಎಸ್ಸೆಸ್ಸೆಲ್ಸಿ ಪರೀಕ್ಷೆಯ ಕಾರಣ ಹತ್ತನೆಯ ತರಗತಿಯವರನ್ನು ನವೆಂಬರ್ ದಾಟಿ ಕರೆದೊಯ್ಯುವುದು ಕಷ್ಟ. ಎಂಟು ಒಂಬತ್ತರವರಿಗೆ ಡಿಸೆಂಬರ್ ಕೊನೆಯವರೆಗೆ ಸಮಯವಿದೆ. ಮಳೆಗಾಲದಲ್ಲಿ ಮಲೆನಾಡಿನ ಹಳ್ಳಗಳು ಒಂದೇ ಗಂಟೆಯಲ್ಲಿ ಏರುತ್ತವೆ, ಇಂಬಳಗಳ ಕಾಟ ಬೇರೆ. ಫೆಬ್ರವರಿಯಿಂದ ಕಾಳ್ಗಿಚ್ಚಿನ ಕಾಲವಾದ್ದರಿಂದ ಅರಣ್ಯ ಇಲಾಖೆ ಹಲವು ಚಾರಣಪಥಗಳನ್ನು ಮುಚ್ಚುತ್ತದೆ. ಮೀಸಲು ಅರಣ್ಯದ ಚಾರಣಕ್ಕೆ ಇಲಾಖೆಯ ಅರಣ್ಯ ವಿಹಾರ ಜಾಲತಾಣದಲ್ಲಿ ಮುಂಗಡವಾಗಿ ಟಿಕೆಟ್ ಪಡೆಯಬೇಕು. ದಿನಕ್ಕೆ ಇಂತಿಷ್ಟೇ ಜನ ಎಂಬ ಮಿತಿಯಿರುವುದರಿಂದ, ಐವತ್ತು ಮಂದಿಗೆ ಒಂದೇ ದಿನ ಸಿಗುವುದೇ ಎಂದು ನೋಡಿಕೊಂಡು ಆಮೇಲೆ ಬಸ್ಸಿನ ದಿನ ಗೊತ್ತುಮಾಡಿ.

ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಜಿಲ್ಲೆಗಳ ಕಾಡಿಗೆ ಹೋಗುವವರು ಮಂಗನ ಕಾಯಿಲೆಯನ್ನು ಮರೆಯಬಾರದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟ ಈ ಕಾಯಿಲೆ ರಕ್ತ ಹೀರುವ ಉಣ್ಣೆ ಹುಳಗಳ ಮೂಲಕ ಹರಡುತ್ತದೆ. ಇದು ಹೆಚ್ಚಾಗಿ ಕಾಣಿಸಿಕೊಳ್ಳುವ ಡಿಸೆಂಬರಿನಿಂದ ಮೇವರೆಗಿನ ಅವಧಿ ನಮ್ಮ ಪ್ರವಾಸದ ಕಾಲದೊಡನೆ ಸೇರಿಕೊಳ್ಳುತ್ತದೆ. ಹೋಗುವ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ವಾರದ ಮೊದಲು ಫೋನ್ ಮಾಡಿ, ಆ ಭಾಗದಲ್ಲಿ ಮಂಗಗಳು ಸತ್ತಿವೆಯೇ, ಜ್ವರದ ಪ್ರಕರಣಗಳಿವೆಯೇ ಎಂದು ಕೇಳಿರಿ. ಇದೆ ಎಂದರೆ ಊರನ್ನು ಬದಲಿಸಿ. ಇಲ್ಲ ಎಂದರೂ ಪೂರ್ಣ ತೋಳಿನ ಅಂಗಿ, ಕಾಲುಚೀಲದೊಳಗೆ ಸೇರಿಸಿದ ಪ್ಯಾಂಟು, ಉಣ್ಣೆ ಹತ್ತದಂತೆ ಮೈಗೆ ಹಚ್ಚಿಕೊಳ್ಳಲು ಆರೋಗ್ಯ ಇಲಾಖೆ ಆ ಭಾಗದಲ್ಲಿ ಹಂಚುವ ಡೇಪಾ ತೈಲ ಇರಲಿ, ತರಗೆಲೆಯ ಮೇಲೆ ಕೂರುವುದು ಬೇಡ.

ಬಂಡೆ ಮತ್ತು ಕೋಟೆಗಳಿರುವ ಕಡೆ ಹೆಜ್ಜೇನು ಇರುತ್ತದೆ. ಕಲ್ಲೆಸೆತ, ಹೊಗೆ, ಗಾಢವಾದ ಸುಗಂಧದ್ರವ್ಯ ಅದನ್ನು ಕೆರಳಿಸುತ್ತವೆಂದು ಮಕ್ಕಳಿಗೆ ಮೊದಲೇ ಹೇಳಬೇಕು.

ಇಲಾಖೆಯ ಅನುಮತಿಯ ವಿಷಯದಲ್ಲಿ, ಶಿಕ್ಷಣ ಇಲಾಖೆ ಪ್ರವಾಸದ ಬಗ್ಗೆ ಹೊರಡಿಸಿರುವ ಆ ವರ್ಷದ ಸುತ್ತೋಲೆಯನ್ನು ಪೂರ್ತಿ ಓದಿ, ಕ್ಷೇತ್ರ ಶಿಕ್ಷಣಾಧಿಕಾರಿಗಳ ಲಿಖಿತ ಒಪ್ಪಿಗೆ ಕೈಗೆ ಬಂದ ಮೇಲೆಯೇ ಮುಂಗಡ ಹಣ ಕಟ್ಟಬೇಕು. ರಾತ್ರಿ ಪ್ರಯಾಣ ಬೇಡವೇ ಬೇಡ. ತುಮಕೂರಿನಿಂದ ದಾಂಡೇಲಿ ಸುಮಾರು 400 ಕಿಲೋಮೀಟರ್. ಒಂದು ರಾತ್ರಿ ಉಳಿತಾಯವಾಗಲೆಂದು ಸಂಜೆ ಹೊರಟು, ನಿದ್ದೆಗೆಟ್ಟ ಚಾಲಕ ಮತ್ತು ನಿದ್ದೆಗೆಟ್ಟ ಮಕ್ಕಳೊಡನೆ ಬೆಳಗ್ಗೆ ನದಿಗೆ ಇಳಿಯುವ ಕಾರ್ಯಕ್ರಮವನ್ನು ಯಾರು ಸೂಚಿಸಿದರೂ ಒಪ್ಪಬಾರದು. ಹಗಲಿನಲ್ಲಿ ಮುಟ್ಟಲಾಗದ ಊರು ನಿಮ್ಮ ಶಾಲೆಗೆ ದೂರವಾದ ಊರು.

ನಡೆಸುವವರನ್ನು ಅಳೆಯುವುದು

ಕೇಂದ್ರ ಪ್ರವಾಸೋದ್ಯಮ ಸಚಿವಾಲಯ 2018ರಲ್ಲಿ ಸಾಹಸ ಪ್ರವಾಸೋದ್ಯಮದ ಮಾರ್ಗಸೂಚಿಯನ್ನು ಹೊರತಂದಿದೆ. ನೆಲ, ಜಲ, ವಾಯು ಚಟುವಟಿಕೆಗಳಿಗೆ ಮಾರ್ಗದರ್ಶಕರ ಅರ್ಹತೆ, ಸಲಕರಣೆ, ತುರ್ತು ವ್ಯವಸ್ಥೆ ಹೇಗಿರಬೇಕೆಂದು ಅದರಲ್ಲಿ ಬರೆದಿದೆ. ನೀವು ಆರಿಸಿದ ಚಟುವಟಿಕೆಯ ಪುಟಗಳನ್ನು ಓದಿಕೊಂಡು ಹೋದರೆ ಕೇಳಬೇಕಾದ ಪ್ರಶ್ನೆಗಳು ನಿಮ್ಮ ಕೈಯಲ್ಲಿರುತ್ತವೆ. ಸಂಸ್ಥೆಯ ಹೆಸರು ದೊಡ್ಡದಿದ್ದರೆ ಸಾಲದು, ಅಂದು ನಿಮ್ಮ ಮಕ್ಕಳ ಹಗ್ಗ ಹಿಡಿಯುವ ವ್ಯಕ್ತಿ ಯಾರು, ಆತ ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆ, ಡಾರ್ಜಿಲಿಂಗಿನ ಹಿಮಾಲಯನ್ ಪರ್ವತಾರೋಹಣ ಸಂಸ್ಥೆಯಂತಹ ಕಡೆ ಯಾವ ಕೋರ್ಸ್ ಮುಗಿಸಿದ್ದಾರೆ, ಪ್ರಥಮ ಚಿಕಿತ್ಸೆಯ ತರಬೇತಿ ಯಾವಾಗ ಪಡೆದರು ಎಂದು ಕೇಳಿ ಪ್ರಮಾಣಪತ್ರದ ಪ್ರತಿ ಪಡೆಯಿರಿ. ಹಗ್ಗವನ್ನು ಕೊಂಡ ವರ್ಷ ಯಾವುದು ಎಂಬ ಪ್ರಶ್ನೆಗೆ ಒಳ್ಳೆಯ ಶಿಬಿರದವರು ದಾಖಲೆ ಪುಸ್ತಕ ತೆರೆದು ತೋರಿಸುತ್ತಾರೆ. ಬಳಸದೆ ಇಟ್ಟ ಹಗ್ಗವನ್ನೂ ಹತ್ತು ವರ್ಷ ದಾಟಿದ ಮೇಲೆ ಬಳಸಬಾರದೆಂದು ತಯಾರಕರೇ ಹೇಳುತ್ತಾರೆ.

ಸಿಬ್ಬಂದಿಯ ನಡತೆಯ ಬಗ್ಗೆ ಕೇಳಲು ಸಂಕೋಚ ಬೇಡ. ಪೊಲೀಸ್ ಪರಿಶೀಲನೆ ಆಗಿದೆಯೇ, ಹುಡುಗಿಯರಿಗೆ ಹಾರ್ನೆಸ್ ಕಟ್ಟಲು ಮಹಿಳಾ ತರಬೇತುದಾರರಿದ್ದಾರೆಯೇ, ರಾತ್ರಿ ಮಕ್ಕಳ ಕೊಠಡಿಗಳ ಬಳಿ ಯಾರಿರುತ್ತಾರೆ ಎಂಬ ಪ್ರಶ್ನೆಗಳಿಗೆ ಮುಖ ಸಿಂಡರಿಸುವವರೊಡನೆ ಮಾತು ಮುಂದುವರಿಸಬೇಡಿ. ವಿಮೆಯ ಪತ್ರದಲ್ಲಿ ಸಾಹಸ ಚಟುವಟಿಕೆಗಳು ಸೇರಿವೆಯೇ ಎಂದು ನೋಡಿ, ಸಾಮಾನ್ಯ ಅಪಘಾತ ವಿಮೆಗಳಲ್ಲಿ ಅನೇಕವು ಅವನ್ನು ಹೊರಗಿಡುತ್ತವೆ.

ಇದಾದ ಮೇಲೆ ಇಬ್ಬರು ಶಿಕ್ಷಕರು, ಅವರಲ್ಲಿ ಒಬ್ಬರು ಮಹಿಳೆ, ಮುಂಚಿತವಾಗಿ ಅಲ್ಲಿಗೆ ಹೋಗಿ ಒಂದು ರಾತ್ರಿ ಉಳಿದು ಬರಬೇಕು. ಮಕ್ಕಳು ನಡೆಯುವ ದಾರಿಯನ್ನು ಅದೇ ಹೊತ್ತಿನಲ್ಲಿ ನಡೆಯಬೇಕು, ಮೊಬೈಲ್ ಸಿಗ್ನಲ್ ಎಲ್ಲಿ ಹೋಗುತ್ತದೆಂದು ಗುರುತು ಹಾಕಿಕೊಳ್ಳಬೇಕು, 108 ಆಂಬುಲೆನ್ಸ್ ಎಲ್ಲಿಯವರೆಗೆ ಬರಬಲ್ಲುದೆಂದು ಊರವರನ್ನು ಕೇಳಬೇಕು. ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲಿ ಹಾವಿನ ವಿಷಕ್ಕೆ ಕೊಡುವ ಚುಚ್ಚುಮದ್ದು ಇದೆಯೇ ಎಂದು ಅಲ್ಲಿಗೇ ಹೋಗಿ ವಿಚಾರಿಸಬೇಕು. ಶೌಚಾಲಯಗಳನ್ನು ಎಣಿಸಬೇಕು. ಅರವತ್ತು ಮಕ್ಕಳಿಗೆ ಮೂರೇ ಇದ್ದರೆ, ಒಬ್ಬರಿಗೆ ಐದು ನಿಮಿಷದಂತೆ ನೂರು ನಿಮಿಷ ಬೇಕು, ಏಳಕ್ಕೆ ಹೊರಡಬೇಕಾದ ಚಾರಣ ಒಂಬತ್ತಕ್ಕೆ ಹೊರಡುತ್ತದೆ, ಹನ್ನೊಂದರ ಗಡಿಯಾರ ನಿಮ್ಮನ್ನು ಅರ್ಧ ದಾರಿಯಲ್ಲೇ ಹಿಡಿಯುತ್ತದೆ.

ಈ ಭೇಟಿಯಲ್ಲಿ ಮನಸ್ಸಿಗೆ ಒಪ್ಪದ್ದು ಕಂಡರೆ ಅಲ್ಲಿಯೇ ಬಿಟ್ಟು ಎರಡನೆಯ ಊರನ್ನು ನೋಡಿ. ಪಟ್ಟಿಯಲ್ಲಿ ಎರಡನೆಯ ಊರು ಇರುವಂತೆ ಮೊದಲೇ ನೋಡಿಕೊಳ್ಳಬೇಕು, ಇಲ್ಲದಿದ್ದರೆ ಬೇರೆ ದಾರಿಯಿಲ್ಲವೆಂಬ ಒಂದೇ ಕಾರಣಕ್ಕೆ ಮನಸ್ಸು ಒಪ್ಪದ ಜಾಗವನ್ನೂ ಒಪ್ಪಿಬಿಡುತ್ತೇವೆ.

ಮರಳಿದ ಮೇಲಿನ ಎರಡು ವಾರ

ಮಲೆನಾಡಿನ ಕಾಡಿನಿಂದ ಮರಳಿದ ದಿನವೇ ಮಕ್ಕಳು ಬಿಸಿನೀರಿನಲ್ಲಿ ಸ್ನಾನ ಮಾಡಿ, ಕಂಕುಳು, ಕಿವಿಯ ಹಿಂಭಾಗ, ಸೊಂಟದ ಪಟ್ಟಿಯ ಜಾಗ, ಮೊಣಕಾಲಿನ ಹಿಂದೆ ಉಣ್ಣೆ ಕಚ್ಚಿಕೊಂಡಿದೆಯೇ ಎಂದು ನೋಡಿಸಿಕೊಳ್ಳುವಂತೆ ಪೋಷಕರಿಗೆ ಚೀಟಿ ಬರೆದು ಕಳಿಸಬೇಕು. ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆಯಲಿ. ಮಂಗನ ಕಾಯಿಲೆಯ ಜ್ವರ ಸಾಮಾನ್ಯವಾಗಿ ಉಣ್ಣೆ ಕಚ್ಚಿದ ಮೂರರಿಂದ ಎಂಟು ದಿನದೊಳಗೆ ಬರುವುದರಿಂದ, ಎರಡು ವಾರದವರೆಗೆ ಪ್ರತಿ ಬೆಳಗ್ಗೆ ಹಾಜರಿ ಕರೆಯುವಾಗ ಗೈರಾದ ಮಗುವಿನ ಮನೆಗೆ ಅಂದೇ ಫೋನ್ ಮಾಡಿ ವಿಚಾರಿಸಿ. ಏಕಾಏಕಿ ಜೋರಾದ ಜ್ವರ, ತಲೆನೋವು, ಮೈಕೈ ನೋವು ಎಂದು ಹೇಳಿದರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಲು ತಿಳಿಸಿ. ವೈದ್ಯರು ಕೇಳುವವರೆಗೆ ಕಾಯದೆ, ಯಾವ ದಿನ ಯಾವ ಕಾಡಿಗೆ ಹೋಗಿದ್ದೆವೆಂಬುದನ್ನು ಮೊದಲು ಹೇಳಬೇಕೆಂದೂ ಆ ಚೀಟಿಯಲ್ಲಿ ದಪ್ಪಕ್ಷರದಲ್ಲಿ ಬರೆದಿರಿ.